ಎರಡನೆಯವನ ರಕ್ತಪರೀಕ್ಷೆ

ಕ್ರೀಡಾಕೇಂದ್ರದಲ್ಲಿ ಅವನನ್ನು ಎಲ್ಲರೂ ಬೆಳ್ಳಿ ಅಂತಲೇ ಕರೆಯುತ್ತಿದ್ದರು, ಮೊದಮೊದಲು ಹಿಂದಿನಿಂದ, ಆಮೇಲೆ ಮುಖದೆದುರೇ. ಎಂಟುನೂರು ಮೀಟರ್ ಓಟದಲ್ಲಿ ದೇಶಕ್ಕೇ ಎರಡನೆಯವನಾಗುವುದು ಸಣ್ಣ ಮಾತಲ್ಲ. ಆದರೆ ವರ್ಷಗಟ್ಟಲೆ ಎರಡನೆಯವನಾಗಿಯೇ ಉಳಿಯುವುದಕ್ಕೆ ಬೇರೆಯದೇ ಗುಂಡಿಗೆ ಬೇಕು. ಮೊದಲು ಬರುತ್ತಿದ್ದವನು ಹಾಸ್ಟೆಲಿನ ಉದ್ದಣ್ಣ. ಹೆಸರಿಗೆ ತಕ್ಕಷ್ಟು ಉದ್ದ, ಉದ್ದಕ್ಕೆ ತಕ್ಕಷ್ಟು ಸೋಮಾರಿ. ಬೆಳ್ಳಿ ನಸುಕಿನಲ್ಲೇ ಬೆವರು ಸುರಿಸುತ್ತ ಮೈದಾನ ಸುತ್ತುವಾಗ ಉದ್ದಣ್ಣನ ಕಿಟಕಿಗೆ ಪರದೆ ಎಳೆದೇ ಇರುತ್ತಿತ್ತು. ಸ್ಪರ್ಧೆಯ ದಿನ ಮಾತ್ರ ಅವನು ಬೆಳ್ಳಿಯ ಮುಂದೆ ಇರುತ್ತಿದ್ದ. ಅವನ ಕತ್ತಿನ ಹಿಂದಿನ ಮಚ್ಚೆ ಬೆಳ್ಳಿಗೆ ಸ್ವಂತ ಅಂಗೈಯಷ್ಟೇ ಪರಿಚಿತವಾಗಿಬಿಟ್ಟಿತ್ತು.

ಇದಕ್ಕೆ ಕಾರಣ ಏನು ಅಂತ ಹುಡುಕುವುದೇ ಬೆಳ್ಳಿಯ ಇನ್ನೊಂದು ಉದ್ಯೋಗ. ಮೊದಲು ತಪ್ಪನ್ನು ಬೂಟಿನ ಮೇಲೆ ಹೊರಿಸಿದ. ಬೂಟು ಬದಲಾದ ಮೇಲೆ ಗಾಳಿಯ ಮೇಲೆ, ಗಾಳಿ ನಿಂತ ದಿನ ಕೋಚ್ ಮೇಲೆ. ಮನೆಯಲ್ಲಿ ಅವನ ಅಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಎಲ್ಲ ಅವನಪ್ಪನ ಕಡೆಯ ರಕ್ತದ ದೋಷ, ಆ ವಂಶದಲ್ಲಿ ಯಾರೂ ಓಡಿಹೋಗಿ ಬಸ್ಸು ಹಿಡಿದವರಿಲ್ಲ ಅನ್ನುತ್ತಿದ್ದರು. ಅಪ್ಪ ಪೇಪರಿನಿಂದ ತಲೆ ಎತ್ತದೆಯೇ, ನಾವು ಮೊದಲೇ ಹೋಗಿ ನಿಂತಿರ್ತೀವಿ, ಓಡುವ ಪ್ರಮೇಯವೇ ಬರುವುದಿಲ್ಲ ಅನ್ನುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಬೆಳ್ಳಿಯ ಹೆಂಡತಿ ಈ ರಕ್ತದ ವ್ಯಾಜ್ಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಅತ್ತೆ ಮಾವನ ನಡುವೆ ತೀರ್ಪು ಕೊಡಲು ಹೋಗಿ ಯಾವ ಸೊಸೆ ಉದ್ಧಾರವಾಗಿದ್ದಾಳೆ?

ಈ ಸಲ ವಿಷಯ ತಮಾಷೆಯದಾಗಿರಲಿಲ್ಲ. ವಯಸ್ಸಾಯಿತು, ಸಹಾಯಕ ಕೋಚ್ ಆಗಿ ಬಾ ಅಂತ ಕೇಂದ್ರದವರು ಕರೆದಿದ್ದರು. ವರ್ಷದ ಕೊನೆಯ ಓಟ ಮುಗಿಯುವುದರೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಬೆಳ್ಳಿಗೆ ಹೂಂ ಅನ್ನಲು ಮನಸ್ಸು ಬರುತ್ತಿರಲಿಲ್ಲ. ಸೋತದ್ದು ಯಾಕೆ ಅಂತ ಗೊತ್ತಾಗದೆ ಬೂಟು ಬಿಚ್ಚುವುದಾದರೂ ಹೇಗೆ? ಮೈಯಲ್ಲೇ ಕೊರತೆ ಇದೆ ಅಂತ ಯಾರಾದರೂ ತಿಳಿದವರು ಒಂದು ಮಾತು ಹೇಳಿದರೆ ಸಾಕಿತ್ತು, ಅವನು ನೆಮ್ಮದಿಯಾಗಿ ಕೊರಳಿಗೆ ಕೋಚಿನ ಸೀಟಿ ಕಟ್ಟಿಕೊಳ್ಳುತ್ತಿದ್ದ.

ದೇವರೇ ಕಳಿಸಿಕೊಟ್ಟ ಹಾಗೆ ಒಬ್ಬ ಡಾಕ್ಟರಮ್ಮ ಬಂದರು. ದೊಡ್ಡ ಓಟಗಾರರ ರಕ್ತದಲ್ಲಿ ಯಾವ ಯಾವ ಅಂಶ ಎಷ್ಟೆಷ್ಟಿದೆ, ಅದಕ್ಕೂ ಅವರು ಹುಟ್ಟಿನಿಂದ ಪಡೆದ ಜೀನುಗಳಿಗೂ ಏನು ನಂಟು ಅಂತ ನೋಡುವುದು ಅವರ ಕೆಲಸ. ಒಂದೇ ಸಾಮಾನು ತಂದರೂ ಒಂದೊಂದು ಮನೆಯ ಅಡುಗೆಮನೆಯಲ್ಲಿ ಉಳಿಯುವುದು ಬೇರೆ ಬೇರೆ ಅಲ್ಲವೇ, ಮೈಯೂ ಹಾಗೆಯೇ ಅಂತ ಬಿಡಿಸಿ ಹೇಳಿದರು. ಜೀನಿನಲ್ಲಿ ಒಂದು ಸಣ್ಣ ವ್ಯತ್ಯಾಸವಿದ್ದರೆ ಒಬ್ಬನ ಮೈ ಕೊಬ್ಬನ್ನು ಬೇಗ ಉರಿಸಬಹುದು, ಇನ್ನೊಬ್ಬನದು ನಿಧಾನವಾಗಿ. ರಕ್ತ ಕೊಡುವವರು ಹಿಂದಿನ ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬೇಕು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಓಡಿದರೆ ರಕ್ತದ ಲೆಕ್ಕವೆಲ್ಲ ಏರುಪೇರಾಗುತ್ತದೆ ಅಂತ ಎರಡೆರಡು ಸಲ ಹೇಳಿದರು. ಎಲ್ಲರೂ ತಲೆಯಾಡಿಸಿದರು.

ಬೆಳ್ಳಿಯೂ ಆಡಿಸಿದ. ಮನೆಗೆ ಬಂದ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ಬೇರೆಯವರೆಲ್ಲ ವಿಶ್ರಾಂತಿ ಮಾಡಿ ಜಡ ರಕ್ತ ಕೊಡುತ್ತಾರೆ, ತಾನು ಒಂದಿಷ್ಟು ಓಡಿ ಹೋದರೆ ತನ್ನದು ಚುರುಕಾಗಿ ಕಾಣುವುದಿಲ್ಲವೇ? ಕೊರತೆ ಹುಡುಕಿಸಿಕೊಳ್ಳಲು ಹೊರಟವನು ಅದನ್ನು ಮುಚ್ಚಿಡಲು ಓಡುವುದು ಯಾವ ನ್ಯಾಯ ಅಂತ ಅವನಿಗೆ ಹೊಳೆಯಲಿಲ್ಲ. ಪರೀಕ್ಷೆ ಅಂದಮೇಲೆ ಅದರಲ್ಲೂ ಮೊದಲು ಬರಬೇಕಲ್ಲ! ನಸುಕಿನಲ್ಲಿ ಕೇಂದ್ರದ ಮೈದಾನಕ್ಕೆ ಹೋದರೆ ಯಾರಾದರೂ ನೋಡಿಯಾರೆಂದು ಕೆರೆ ಏರಿಯ ಮೇಲೆ ಓಡಿದ.

ರಕ್ತ ತೆಗೆಯುವ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತವರೆಲ್ಲರ ಕೂದಲೂ ಒದ್ದೆ. ಒಬ್ಬಳು ಈಗಷ್ಟೇ ಸ್ನಾನವಾಯಿತು ಅಂದಳು, ಇನ್ನೊಬ್ಬ ಸೆಕೆ ಅಂದ. ನರ್ಸಮ್ಮ ಸೂಜಿ ತೆಗೆದು ಪಟ್ಟಿ ಹಚ್ಚಲು ಹೋದರೆ ಬೆವರಿನ ತೋಳಿಗೆ ಅಂಟುತ್ತಲೇ ಇರಲಿಲ್ಲ. ಆಕೆ ಒಬ್ಬೊಬ್ಬರ ತೋಳನ್ನೂ ಒರೆಸಿ ಒರೆಸಿ ಅಂಟಿಸಿದರು. ಎಲ್ಲ ಮುಗಿಯುವ ಹೊತ್ತಿಗೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು, ಆಕಳಿಸುತ್ತ ಉದ್ದಣ್ಣ ಬಂದ.

ಫಲಿತಾಂಶ ಹೇಳಲು ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕರೆದರು. ಬೆಳ್ಳಿಯ ಮುಂದೆ ಕೂತು ಕನ್ನಡಕ ಒರೆಸಿಕೊಂಡರು. ಜೀನು ಓಡಿದರೂ ಬದಲಾಗುವುದಿಲ್ಲ, ಮಲಗಿದರೂ ಬದಲಾಗುವುದಿಲ್ಲ, ಹಾಗಾಗಿ ಅದು ಸರಿಯಾಗಿ ಸಿಕ್ಕಿದೆ ಅಂದರು. ಉಳಿದ ಲೆಕ್ಕ ಮಾತ್ರ ಹಾಳಾಗಿತ್ತು. ಆ ದಿನ ರಕ್ತ ಕೊಟ್ಟವರ ಪೈಕಿ ಲೆಕ್ಕಕ್ಕೆ ಬಂದದ್ದು ಒಬ್ಬರ ರಕ್ತ ಮಾತ್ರವಂತೆ. ಯಾರದು ಅಂತ ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

“ನನ್ನ ಜೀನಲ್ಲಿ ಏನು ಕೊರತೆ ಇದೆ ಮೇಡಂ?” ಬೆಳ್ಳಿ ಕುರ್ಚಿಯ ತುದಿಗೆ ಬಂದಿದ್ದ.

“ನಾನು ನೋಡಿದ್ರಲ್ಲಿ ಏನೂ ಇಲ್ಲ. ಓಟಗಾರರಲ್ಲಿ ನಾವು ಹುಡುಕ್ತಾ ಇದ್ದ ವ್ಯತ್ಯಾಸಗಳು ನಿಮ್ಮಲ್ಲಿ ಚೆನ್ನಾಗೇ ಇವೆ. ಆದ್ರೆ ಇದ್ರಿಂದ ರಕ್ತದ ಬಗ್ಗೆ ಒಂದಿಷ್ಟು ಹೇಳ್ಬಹುದು, ಪದಕದ ಬಗ್ಗೆ ಅಲ್ಲ.”

ಇಷ್ಟು ಒಳ್ಳೆಯ ಸುದ್ದಿ ಕೇಳಿ ಇಷ್ಟು ಸಪ್ಪೆಯಾದ ಮುಖವನ್ನು ಡಾಕ್ಟರಮ್ಮ ಕಂಡಿರಲಿಕ್ಕಿಲ್ಲ. ಮನೆಯಲ್ಲಂತೂ ಅಮ್ಮ ಕುಣಿದಾಡಿದರು. ರಕ್ತ ತಮ್ಮ ಕಡೆಯದೇ ಬಂದಿದೆ ಅಂತ ಕೂಡಲೇ ತೀರ್ಮಾನವೂ ಆಯಿತು. ಅಪ್ಪ ಪೇಪರಿನ ಪುಟ ತಿರುಗಿಸಿದರು.

ಆ ರಾತ್ರಿ ಬೆಳ್ಳಿ ಹೊಸ ಕಾರಣ ಕಂಡುಹಿಡಿದ. ಕೊರತೆ ಮೈಯಲ್ಲಿಲ್ಲ, ಅತಿ ಓಟದಲ್ಲಿದೆ! ಪ್ರತಿ ಸ್ಪರ್ಧೆಯ ಹಿಂದಿನ ದಿನವೂ ಕದ್ದು ಓಡಿ ದಣಿಯುತ್ತಿದ್ದದ್ದು ಅವನೇ ತಾನೆ? ಕೊನೆಯ ಓಟಕ್ಕೆ ಮುಂಚೆ ಅವನು ಉದ್ದಣ್ಣನ ಹಾಗೆ ಪರದೆ ಎಳೆದು ಮಲಗಿದ. ಮತ್ತೆ ಕದ್ದು ಓಡದಿರಲೆಂದು ಹೆಂಡತಿ ಅವನ ಬೂಟುಗಳನ್ನು ತನ್ನ ಅಂಗಡಿಗೇ ಒಯ್ದಿದ್ದಳು. ಅಷ್ಟು ಚೆನ್ನಾಗಿ ಅವನು ಯಾವತ್ತೂ ನಿದ್ದೆ ಮಾಡಿರಲಿಲ್ಲ. ಅಷ್ಟು ಹಗುರಾದ ಕಾಲಲ್ಲಿ ಯಾವತ್ತೂ ಓಟ ಶುರುವಾಗುವ ಗೆರೆಯಲ್ಲಿ ನಿಂತಿರಲಿಲ್ಲ.

ಎರಡನೆಯವನಾಗಿ ಬಂದ. ಉದ್ದಣ್ಣನಿಗೂ ಅವನಿಗೂ ನಡುವಿನ ಅಂತರ ಹಿಂದಿನ ಸಲಕ್ಕಿಂತ ತುಸು ಹೆಚ್ಚೇ ಇತ್ತು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದರು. ಗಾಳಿ ಜಾಸ್ತಿ ಇತ್ತಂತೆ, ಟೀವಿಯಲ್ಲಿ ಬಾವುಟ ಹಾರಾಡುವುದು ತಮಗೇ ಕಂಡಿತಂತೆ. ಆ ಕೋಚ್ ಮೊದಲಿನಿಂದಲೂ ಉದ್ದಣ್ಣನ ಕಡೆಯವನಂತೆ. ಬೆಳ್ಳಿ ಚೀಲ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡ.

“ಅಮ್ಮಾ, ಅವನು ನನಗಿಂತ ಚೆನ್ನಾಗಿ ಓಡ್ತಾನೆ. ಅಷ್ಟೇ.”

ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಆಡಿರದ ಮಾತು ಅದು. ಅಮ್ಮ ಕೈ ಬಿಡಿಸಿಕೊಂಡು ಅವನ ಚೀಲ ಎತ್ತಿ ಒಳಗೆ ಒಯ್ದರು. ಬೆಳ್ಳಿಗೆ ಹೊಟ್ಟೆ ಉರಿಯಿತು, ಅಳುವೂ ಬಂತು, ಎಷ್ಟೋ ದಿನ ಹೊತ್ತ ಮೂಟೆ ಇಳಿಸಿದಂತೆಯೂ ಆಯಿತು. ಕೈಕಾಲು ತೊಳೆದು ಬಂದು ಕೇಂದ್ರಕ್ಕೆ ಫೋನ್ ಮಾಡಿ, ಸೋಮವಾರದಿಂದ ಕೆಲಸಕ್ಕೆ ಬರ್ತೀನಿ ಅಂದ.