ಲೇತ್ ಆಪಾ ಮತ್ತು ಮಾರಿಸ್ ಕಾರಿನ ಎಂಜಿನ್

ಆಳಂದದಲ್ಲಿ ಫಕ್ರುನ್ನಿಸಾ ಎಲ್ಲಿರುತ್ತಾಳೆ ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಲೇತ್ ಆಪಾ, ಅಂದರೆ ಲೇತಿನ ಅಕ್ಕ, ಎಂದರೆ ಸಾಕು, ಉಮರ್ಗಾ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ರಸ್ತೆಗೆ ಮುಖ ಮಾಡಿ ಅವಳ ತಮ್ಮ ಜಮೀರನ ಗ್ಯಾರೇಜಿದೆ; ಅದರ ಬೆನ್ನಿಗೆ ತಗಡಿನ ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಅವಳ ಲೇತ್ ಯಂತ್ರವಿದೆ. ಪಕ್ಕದ ಓಣಿಯಲ್ಲಿ ಜಮೀರ ಬೇಕೆಂದೇ ಒಂದು ಕೆಟ್ಟ ಟೆಂಪೊ ನಿಲ್ಲಿಸಿರುತ್ತಾನೆ. ಅವಳ ಗಿರಾಕಿಗಳು ಟ್ರ್ಯಾಕ್ಟರಿನ ಭಾರವಾದ ಎಂಜಿನ್ ಬ್ಲಾಕನ್ನು ಇಬ್ಬಿಬ್ಬರು ಹಿಡಿದುಕೊಂಡು, ಆ ಟೆಂಪೊಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಿ ಬರಬೇಕು. ಬಂದವರು ಮೊದಲು ಬೈಯುವುದು ಜಮೀರನನ್ನಾದರೂ, ಕೇಳಿಸಿಕೊಳ್ಳಬೇಕಾದವಳು ಅವಳೇ.

ತಂದೆ ದಾವಲಸಾಬ ತೀರಿಕೊಂಡ ವರ್ಷ ಜಾಗ ಹಂಚಿಕೊಳ್ಳುವಾಗ ಹುಟ್ಟಿದ ಜಗಳ ಇದು. ರಸ್ತೆ ಬದಿಯದು ಗಂಡುಮಗನಿಗೆ, ಹಿಂದಿನದು ಅವಳಿಗೆ ಎಂದು ಜಮೀರ ತಾನೇ ತೀರ್ಮಾನಿಸಿ ಗೋಡೆ ಕಟ್ಟಿಸಿದ. ಮನೆಯಲ್ಲಿ ಉರ್ದು ಆಡಿ ಬೆಳೆದ ಅಕ್ಕ ಅಂದಿನಿಂದ ತಮ್ಮನೊಂದಿಗೆ ಮಾತಾಡಿದರೆ ಕನ್ನಡದಲ್ಲಿ, ಅದೂ ಅಪರಿಚಿತ ಗಿರಾಕಿಗೆ ಹೇಳುವ ಹಾಗೆ ‘ರಿ’ ಹಚ್ಚಿ. ‘ಜಮೀರಸಾಬ್ರ, ಗಾಡಿ ತಗೀರಿ’ ಎಂದು ಅವಳು ತಣ್ಣಗೆ ಹೇಳಿದಾಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಾಯಿಗೆ ಬಂದಂತೆ ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಫಕ್ರುನ್ನಿಸಾಳಿಗೆ ಈಗ ಐವತ್ತಾರು. ಹತ್ತೊಂಬತ್ತಕ್ಕೆ ಸೊಲ್ಲಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ನಾಲ್ಕು ವರ್ಷ ಬಾಳಿ, ಮುಂಗೈ ಮುರಿಸಿಕೊಂಡು ತವರಿಗೆ ಬಂದಳು. ಕರೆದೊಯ್ಯಲು ಯಾರೂ ಬರಲಿಲ್ಲ, ದಾವಲಸಾಬನೂ ಕಳಿಸಲಿಲ್ಲ. ಆಗ ಲೇತ್ ನಡೆಸುತ್ತಿದ್ದವನು ಅವನೇ, ಕಣ್ಣು ಮಂಜಾಗತೊಡಗಿತ್ತು. ಅಳತೆ ಹಿಡಿಯುವ ಮೈಕ್ರೋಮೀಟರಿನ ಸಣ್ಣ ಗೆರೆಗಳನ್ನು ಓದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆರು ತಿಂಗಳಲ್ಲಿ ಅವಳು ಓದುವುದರ ಜೊತೆಗೆ ಕೊರೆಯುವುದನ್ನೂ ಕಲಿತಳು. ಹೆಣ್ಣು ಕೊರೆದ ಸಿಲಿಂಡರು ಎಂದು ಮೂಗು ಮುರಿದವರಿಗೆ ದಾವಲಸಾಬ, “ಲೇತಿಗೆ ಹೆಣ್ಣು ಗಂಡು ತಿಳಿಯಂಗಿಲ್ರಿ, ಅಳತಿ ಒಂದಾ ತಿಳೀತದ” ಎನ್ನುತ್ತಿದ್ದ. ಮುಂದೆ ಭೂಸನೂರಿನ ಕಬ್ಬಿನ ರೈತರು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿದರೆ ಬ್ಲಾಕನ್ನು ನೇರ ಅವಳ ಬಳಿಗೇ ತರತೊಡಗಿದರು. ಅಳತೆಯಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಗಿರಾಕಿಗೆ ತಾನೇ ಹೇಳಿ ಮತ್ತೆ ಮಾಡಿಕೊಡುತ್ತಿದ್ದಳು. ಯಾರಾದರೂ ಹೊಗಳಿದರೆ, “ನಮ್ಮ ಅಬ್ಬಾನ ಕೈ ಎಂದೂ ಖೋಟಾ ಮಾಡಿಲ್ರಿ, ನಾ ಹ್ಯಾಂಗ ಮಾಡ್ಲಿ” ಎನ್ನುವುದು ಅವಳ ರೂಢಿಯ ಮಾತು.

ದಾವಲಸಾಬ ಬಿಟ್ಟುಹೋದ ವಸ್ತುಗಳಲ್ಲಿ ಹಂಚಿಕೊಳ್ಳಲಾಗದೆ ಉಳಿದದ್ದು ಒಂದೇ: 1951ರ ಮಾರಿಸ್ ಮೈನರ್ ಕಾರು. ಮೊದಲು ಅದು ಆಳಂದದ ಒಬ್ಬ ಸಾಹುಕಾರರದು. ಅವರು ಊರು ಬಿಡುವಾಗ, ಇಷ್ಟು ವರ್ಷ ರಿಪೇರಿ ಮಾಡಿ ಓಡುವ ಹಾಗೆ ಇಟ್ಟವನು ನೀನೇ ಎಂದು ದಾವಲಸಾಬನ ಹೆಸರಿಗೆ ಮಾಡಿಕೊಟ್ಟಿದ್ದರು. ಅವನು ಹೋದ ಮೇಲೆ ಅದು ಅವಳ ಶೆಡ್ಡಿನ ಮುಂದೆ ತಾಡಪತ್ರಿ ಹೊದ್ದು ನಿಂತೇ ಇತ್ತು. ಎಂಜಿನ್ ಜಾಮ್ ಆಗಿತ್ತು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಜಮೀರ ಓಣಿ ದಾಟಿ ಬಂದ. ಮದುವೆ ಮೆರವಣಿಗೆಗೆ ಈಗ ಹಳೆಯ ಕಾರುಗಳನ್ನು ಎಲ್ಲರೂ ಕೇಳುತ್ತಾರೆ, ಒಂದು ವ್ಯಾನಿನ ಎಂಜಿನ್ ಸಿಕ್ಕಿದೆ, ಇದಕ್ಕೆ ಕೂರಿಸುತ್ತೇನೆ ಎಂದ. ಎಂಜಿನ್ ಬದಲಾಯಿಸಿದ್ದನ್ನು ಕಾರಿನ ಕಾಗದಕ್ಕೆ ಏರಿಸಬೇಕಾದರೆ ವಾರಸುದಾರರಿಬ್ಬರ ಸಹಿ ಬೇಕು. ಅದಕ್ಕೇ ಬಂದಿದ್ದ.

“ಇದರ ಎಂಜಿನ್ ಇದಕ್ಕೇ ಇರ್ತದ್ರಿ” ಎಂದಳು ಅವಳು, ಲೇತಿನಿಂದ ಕಣ್ಣು ಎತ್ತದೆ. “ಎಪ್ಪತ್ ವರ್ಷದ್ದು. ಅಬ್ಬಾ ಒಂದು ಬೋಲ್ಟ್ ಸುದ್ದಾ ಬ್ಯಾರೇದು ಹಾಕಿಲ್ಲ. ನಾ ಸಹಿ ಮಾಡಂಗಿಲ್ಲ.”

“ಜಾಮ್ ಆದ ಎಂಜಿನ್ ಇಟ್ಕೊಂಡು ಪೂಜಾ ಮಾಡ್ತಿ ಏನು?”

“ಪೂಜಾ ಮಾಡ್ತೇನೋ ನಮಾಜ್ ಓದ್ತೇನೋ, ನಿಮಗ್ಯಾಕ್ರಿ.”

ಅವನು ಕಾರಿನ ಬಾಗಿಲಿಗೆ ಒದ್ದು ಹೋದ. ಬಾಗಿಲು ತಗ್ಗಾಯಿತು. ಮರುವಾರ ಅವನು ಜೇವರ್ಗಿಗೆ ಮದುವೆಗೆಂದು ಹೋದ ಮಧ್ಯಾಹ್ನ ಅವಳು ಚೈನ್ ಪುಲ್ಲಿ ಕಟ್ಟಿ, ಎಂಜಿನ್ ಎತ್ತಿ ಶೆಡ್ಡಿನೊಳಗೆ ಇಳಿಸಿ ಬೀಗ ಜಡಿದಳು. ತಿರುಗಿ ಬಂದವನು ಬಾನೆಟ್ ತೆರೆದು ನೋಡಿದರೆ ಒಳಗೆ ಖಾಲಿ. ಅಂದು ಅವನಾಡಿದ ಮಾತುಗಳನ್ನು ಆ ರಸ್ತೆಯ ಅಂಗಡಿಯವರು ಇನ್ನೂ ಮರೆತಿಲ್ಲ. ಗಂಡ ಬಿಟ್ಟವಳು, ತಮ್ಮನ ಅನ್ನಕ್ಕೆ ಮಣ್ಣು ಹಾಕುವವಳು ಎಂದೆಲ್ಲ ನಡುರಸ್ತೆಯಲ್ಲಿ ಕೂಗಿದ. ಅವಳು ಶೆಡ್ಡಿನ ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತೇ ಇದ್ದಳು. ಅವನು ಇನ್ನೆರಡು ಹೆಜ್ಜೆ ಮುಂದೆ ಬಂದಿದ್ದರೆ ಬೀಸಿಬಿಡುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕೊನೆಗೆ ಇಬ್ಬರೂ ಒಪ್ಪಿದ್ದು ಒಬ್ಬನೇ ಮನುಷ್ಯನನ್ನು. ಚಂದ್ರಾಮಪ್ಪ ಚಿಕ್ಕಂದಿನಲ್ಲಿ ದಾವಲಸಾಬನ ಕೈಕೆಳಗೆ ಕೆಲಸ ಕಲಿತವನು. ಆಮೇಲೆ ಬಸ್ ಡಿಪೋದಲ್ಲಿ ಮೆಕ್ಯಾನಿಕನಾಗಿ, ನಿವೃತ್ತನಾಗಿ ಜೇವರ್ಗಿಯಲ್ಲಿ ಇದ್ದ. ಅವನು ಬಂದು ಇಬ್ಬರ ಮಾತೂ ಕೇಳಿ ಹೇಳಿದ: “ಹದಿನೈದ್ ದಿನ ಟೈಮ್ ಕೊಡ್ರಿ. ಫಕ್ರು ಎಂಜಿನ್ ಬಿಚ್ಚಿ ನೋಡ್ಲಿ. ಅಸಲಿ ಎಂಜಿನ್ ರಿಪೇರಿ ಆಗೂಹಂಗ ಇದ್ರ ಅದಾ ಇರ್ಲಿ. ಆಗಂಗಿಲ್ಲಂದ್ರ ಜಮೀರ ಹೇಳಿದ್ದು ಹಾಕೂಣು.”

ಎಂಜಿನ್ ಬಿಚ್ಚುವುದು ಅವಳಿಗೆ ಕಷ್ಟವಾಗಲಿಲ್ಲ. ಪಿಸ್ಟನ್ನುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಡೀಸೆಲ್ ಸುರಿದು, ಎರಡು ದಿನ ಬಿಟ್ಟು, ಕಟ್ಟಿಗೆಯ ತುಂಡು ಇಟ್ಟು ಬಡಿದಾಗ ಒಂದೊಂದೇ ಇಳಿದವು. ಸಿಲಿಂಡರನ್ನು ಸ್ವಲ್ಪ ಕೊರೆದರೆ ಎಂಜಿನ್ ಇನ್ನೂ ಇಪ್ಪತ್ತು ವರ್ಷ ಓಡೀತು. ತಮ್ಮನ ಮುಖ ಹೇಗೆ ಸಣ್ಣದಾಗುತ್ತದೆ ಎಂದು ನೆನೆದು ಅವಳಿಗೆ ಒಳಗೊಳಗೇ ಹಿಗ್ಗು. ಐದನೆಯ ದಿನ, ಹೊರಮೈಯ ಜಿಡ್ಡು ಕೆರೆದು ಎಂಜಿನ್ ನಂಬರಿನ ಜಾಗಕ್ಕೆ ಎಮರಿ ಕಾಗದ ಉಜ್ಜುತ್ತಿದ್ದಾಗ ಕೈ ನಿಂತಿತು.

ನಂಬರು ಕಾಗದದಲ್ಲಿದ್ದ ನಂಬರೇ. ಆದರೆ ಅದರ ಅಡಿಯಲ್ಲಿ ಲೋಹವನ್ನು ಅರದಿಂದ ತೀಡಿದ ಗುರುತು ಇತ್ತು, ತೀಡಿದರೂ ಪೂರ್ತಿ ಅಳಿಯದ ಬೇರೆ ಅಂಕಿಗಳು ನೆರಳಿನಂತೆ ಕಾಣುತ್ತಿದ್ದವು. ಮೇಲಿನ ನಂಬರಿನ ನಾಲ್ಕಕ್ಕೆ ಬಾಲವಿರಲಿಲ್ಲ. ಅವಳು ಎದ್ದು, ಕಬ್ಬಿಣಕ್ಕೆ ಅಂಕಿ ಒತ್ತುವ ಪಂಚುಗಳ ಡಬ್ಬಿ ತೆಗೆದು, ನಾಲ್ಕರ ಪಂಚನ್ನು ಒಂದು ತಗಡಿನ ಮೇಲೆ ಇಟ್ಟು ಸುತ್ತಿಗೆಯಿಂದ ಹೊಡೆದಳು. ಬಾಲವಿಲ್ಲದ ನಾಲ್ಕೇ ಮೂಡಿತು. ಆ ಡಬ್ಬಿ ದಾವಲಸಾಬನದು. ಆ ಪಂಚು ಅವಳು ಹುಟ್ಟುವ ಮೊದಲೇ ಚೂರು ಮುಕ್ಕಾಗಿತ್ತಂತೆ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಜೇವರ್ಗಿಗೆ ಹೋದಳು. ಚಂದ್ರಾಮಪ್ಪ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಅವಳು ತಗಡಿನ ತುಂಡನ್ನು ಅವನ ಮುಂದಿಟ್ಟಳು.

“ಕಾಕಾ, ಖರೇ ಹೇಳ್ರಿ.”

ಅವನು ತಗಡನ್ನು ನೋಡಿದ, ಶೇಂಗಾದ ಪುಟ್ಟಿಯನ್ನು ದೂರ ಸರಿಸಿದ. “ನೀ ಸಣ್ಣಾಕಿ ಇದ್ದಿ. ನಿಮ್ಮ ಅಬ್ಬಾ ಟ್ರಯಲ್ ನೋಡಾಕ ಗಾಣಗಾಪುರತನಕ ಗಾಡಿ ಒಯ್ದಿದ್ದ. ನಾನೂ ಇದ್ನಿ. ಎಂಜಿನ್ ಕಾಯ್ದು ಹೊಗಿ ಬರಾಕತ್ತು. ತಡಕೊಳ್ಳಲಿಲ್ಲ ಅವ, ಭೀಮಾ ಹೊಳಿಯಿಂದ ಕೊಡ ತುಂಬಿ ತಂದು ತಣ್ಣೀರ್ ಸುರದ. ಬ್ಲಾಕ್ ಸೀಳಿತು. ಸಾಹುಕಾರ್ರಿಗೆ ಹೇಳಿದ್ರ ಆಳಂದದಾಗ ಮುಂದ ಯಾರೂ ಗಾಡಿ ಬಿಡ್ತಿರಲಿಲ್ಲ. ಹೈದರಾಬಾದಿನ ಗುಜರಿಯಿಂದ ಅಂಥಾದೇ ಇನ್ನೊಂದು ತಂದ್ವಿ. ನಂಬರ್ ತೀಡಿ ಅವನಾ ಒತ್ತಿದ.”

“ನನ್ನ ಮುಂದ ಒಂದಿನಾನೂ ಹೇಳಲಿಲ್ಲಲ್ರಿ.”

“ಯಾವ ಬಾಯಿಲೆ ಹೇಳ್ತಾನ? ನೀ ಊರ್ತುಂಬ ಅಬ್ಬಾನ ಕೈ ಖೋಟಾ ಇಲ್ಲಂತ ಹೇಳ್ಕೋಂತ ಅಡ್ಡ್ಯಾಡ್ತಿದ್ದಿ.” ಚಂದ್ರಾಮಪ್ಪ ಧ್ವನಿ ತಗ್ಗಿಸಿದ. “ಸುಮ್ನಿರು ತಾಯಿ. ನಂಬರ್ ಕಾಗದಕ್ಕ ಹೊಂದತದ. ನೀ ಗೆದ್ದೇ ಅಂದ್ಕೊ. ಸತ್ತವನ್ನ ಯಾಕ ಎಬ್ಬಸ್ತಿ.”

ತಿರುಗಿ ಬರುವ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದ ಹೆಂಗಸು ಘತ್ತರಗಿ ಗುಡಿಯ ಪ್ರಸಾದ ಕೊಟ್ಟರೂ ಅವಳಿಗೆ ಅದು ಗಮನಕ್ಕೆ ಬರಲಿಲ್ಲ. ತಮ್ಮನ ಮೇಲಿದ್ದ ಸಿಟ್ಟಿನ ಜಾಗದಲ್ಲಿ ಈಗ ತಂದೆಯ ಮೇಲೆ ಸಿಟ್ಟು ಕುದಿಯುತ್ತಿತ್ತು. ಮೂವತ್ತು ವರ್ಷ ಅವಳು ಗಿರಾಕಿಗಳ ಮುಂದೆ ಆ ಮಾತು ಆಡುವಾಗ ಅವನು ಪಕ್ಕದ ಸ್ಟೂಲಿನ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಒಮ್ಮೆಯಾದರೂ ಎದ್ದು ಹೋಗಿರಲಿಲ್ಲ. ಸುಮ್ಮನಿದ್ದರೆ ಅವಳು ಗೆಲ್ಲುತ್ತಿದ್ದಳು, ನಿಜ. ಆದರೆ ಹಾಗೆ ಗೆದ್ದರೆ ಆ ನಂಬರನ್ನು ಎರಡನೆಯ ಸಲ ತಾನೇ ಒತ್ತಿದ ಹಾಗೆ ಎಂದು ಅವಳಿಗೆ ಅನ್ನಿಸಿತು. ಆಳಂದ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದಳು.

ಹದಿನೈದು ದಿನದ ಗಡುವಿಗೆ ಚಂದ್ರಾಮಪ್ಪ ಬಂದ; ಶುಕ್ರವಾರ ನಮಾಜ್ ಮುಗಿದ ಮೇಲೆ ಮೂವರೂ ಜಮೀರನ ಗ್ಯಾರೇಜಿನಲ್ಲಿ ಸೇರಿದರು. ಜಮೀರನ ಹೆಂಡತಿ ಪ್ಯಾರಿಬಿ ಚಹಾ ತಂದಳು, ಎರಡೇ ಕಪ್ಪು. ಫಕ್ರುನ್ನಿಸಾ ನಿಂತುಕೊಂಡೇ ಹೇಳಿದಳು: “ಎಂಜಿನ್ ರಿಪೇರಿ ಆಗತದ್ರಿ. ಆದ್ರ ಅದು ಈ ಕಾರಿಂದಲ್ಲ. ಅಸಲಿ ಬ್ಲಾಕ್ ಅಬ್ಬಾನ ಕೈಯಾಗ ಒಡದದ. ಬ್ಯಾರೇದು ತಂದು ನಂಬರ್ ತಾನಾ ಒತ್ಯಾನ. ಅಸಲಿ ಅಂತ ನಾ ಹಟ ಮಾಡಿದ್ದು ತಪ್ಪು. ಜಮೀರಸಾಬ್ರು ಯಾವ ಎಂಜಿನ್ ಬೇಕಾದ್ರೂ ಹಾಕ್ಲಿ, ಕಾಗದ ತರ್ರಿ, ಸಹಿ ಮಾಡ್ತೇನಿ.” ಪಂಚನ್ನೂ ತಗಡನ್ನೂ ಮೇಜಿನ ಮೇಲಿಟ್ಟಳು.

ಜಮೀರ ನಗುತ್ತಾನೆ, ಕುಣಿಯುತ್ತಾನೆ ಎಂದು ಅವಳು ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದಳು. ಅವನ ಮುಖ ಕಪ್ಪಾಯಿತು.

“ಸತ್ತ ಅಬ್ಬಾನ್ನ ಖೋಟಾ ಮನುಷ್ಯಾ ಅಂತಿ?”

“ನಾ ಅನ್ನಾಕತ್ತಿಲ್ರಿ. ಕಬ್ಬಿಣ ಅನ್ನಾಕತ್ತದ.”

“ಹದಿನೈದ್ ದಿನ ಎಂಜಿನ್ ನಿನ್ನ ಹತ್ರ ಇತ್ತು. ಪಂಚು ನಿನ್ನ ಹತ್ರ ಅದ. ನೀನಾ ಒತ್ತೀದಿ. ರಸ್ತಿ ಜಾಗ ನನಗ ಬಂತಂತ ಅಬ್ಬಾನ ಹೆಸರಿಗೆ ಮಸಿ ಹಚ್ಚಾಕತ್ತಿ.”

“ಕಾಕಾನ ಕೇಳ್ರಿ. ಅವ್ರು ಅಬ್ಬಾನ ಜೋಡಿ ಇದ್ರು.”

ಜಮೀರ ಚಂದ್ರಾಮಪ್ಪನ ಕಡೆ ತಿರುಗಿದ. ಚಂದ್ರಾಮಪ್ಪ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬಾಗಿಲಲ್ಲಿ ಪ್ಯಾರಿಬಿ ನಿಂತಿದ್ದಳು, ಅವಳ ಹಿಂದೆ ಪಕ್ಕದ ಟೈರ್ ಅಂಗಡಿಯ ಇಮಾಮಸಾಬನೂ ಇದ್ದ. ಮುದುಕ ಅವರೆಲ್ಲರನ್ನೂ ಒಮ್ಮೆ ನೋಡಿದ.

“ನಲವತ್ತೈದ್ ವರ್ಷದ ಮಾತಪಾ” ಎಂದ. “ನನಗ ನೆನಪಿಲ್ಲ.”

ಫಕ್ರುನ್ನಿಸಾ ಅವನನ್ನೇ ದಿಟ್ಟಿಸಿದಳು. ಅವನು ತಲೆ ಎತ್ತಲಿಲ್ಲ. ತಾನೂ ಆ ಗುಜರಿಗೆ ಹೋಗಿ ಬ್ಲಾಕು ಹೊತ್ತು ತಂದವನೆಂದು ಊರ ಮುಂದೆ ಒಪ್ಪಿಕೊಳ್ಳಲು ಅವನಿಗೆ ಆಗಲಿಲ್ಲ, ಅಷ್ಟೇ.

“ವ್ಯಾನಿನ ಎಂಜಿನ್ ಬ್ಯಾಡ” ಎಂದ ಜಮೀರ, ಎದ್ದು ನಿಂತು. “ಅಬ್ಬಾ ಇಟ್ಟಿದ್ದೇ ಅಸಲಿ ಎಂಜಿನ್. ಅದಾ ಕೂಡ್ಬೇಕು. ಕೂಡಸಿಕೊಡು, ಇಲ್ಲಾ ಪೊಲೀಸ್ರಿಗೆ ಹೇಳ್ತೇನಿ ಎಂಜಿನ್ ಕದ್ದೀದಿ ಅಂತ.”

ಒಂದು ತಿಂಗಳು ಯಾವುದಕ್ಕಾಗಿ ಬಡಿದಾಡಿದ್ದಳೋ ಅದೇ ಅವಳಿಗೆ ಸಿಕ್ಕಿತ್ತು, ಸುಳ್ಳುಗಾರ್ತಿ ಎಂಬ ಹೆಸರಿನೊಂದಿಗೆ. ಅವಳು ಪಂಚನ್ನು ಎತ್ತಿಕೊಂಡು ಹೊರಟಳು. “ನಾಲ್ಕ್ ದಿನ ಹಿಡೀತದ್ರಿ” ಎಂದಷ್ಟೇ ಹೇಳಿದಳು.

ಆ ನಾಲ್ಕು ದಿನ ಅವಳ ತಲೆಯಲ್ಲಿ ಏನೇನೋ ಬಂದು ಹೋದವು. ಪಿಸ್ಟನ್ನಿನ ಒಂದು ರಿಂಗ್ ಉಲ್ಟಾ ಕೂರಿಸಿದರೆ, ಒಂದು ಬೋಲ್ಟ್ ಸಡಿಲ ಬಿಟ್ಟರೆ ಮೊದಲ ಮೆರವಣಿಗೆಯಲ್ಲೇ ಜಮೀರನ ಮಾನ ಹೋಗುತ್ತಿತ್ತು. ಬೋಲ್ಟ್ ಬಿಗಿ ಮಾಡುವಾಗ ಆ ಯೋಚನೆಯನ್ನು ಅವಳು ಬಹಳ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ಆಡಿಸಿದಳು, ಅದರಲ್ಲಿ ಅವಳಿಗೆ ಸುಖವೂ ಇತ್ತು. ಆದರೆ ಕೈ ತನ್ನಷ್ಟಕ್ಕೆ ಅಳತೆ ನೋಡುತ್ತಲೇ ಹೋಯಿತು. ನಾಲ್ಕೂ ಸಿಲಿಂಡರುಗಳನ್ನು ಮೂರು ಮೂರು ಸಲ ಅಳೆದಳು. ಐದನೆಯ ದಿನ ಎಂಜಿನ್ ಕಾರಿಗೆ ಕೂತಿತು. ಜಮೀರ ಚಾವಿ ತಿರುಗಿಸಿದ, ಮೂರನೆಯ ಸಲಕ್ಕೆ ಹೊಗೆ ಕಾರಿ ಶುರುವಾಯಿತು. ಅವನು ಅವಳ ಮುಖ ನೋಡದೆ ಕಾರನ್ನು ಓಣಿಯಿಂದ ತೆಗೆದುಕೊಂಡು ಹೋದ. ಅದಕ್ಕಾಗಿ ಟೆಂಪೊವನ್ನು ಪಕ್ಕಕ್ಕೆ ಸರಿಸಿದ್ದವನು, ಕಾರು ಹೊರಗೆ ಹೋದ ಮೇಲೆ ತಿರುಗಿ ಬಂದು ಅದನ್ನು ಅಲ್ಲೇ ನಿಲ್ಲಿಸಿದ.

ಈಗ ಆ ಮಾರಿಸ್ ಆಳಂದ, ಅಫಜಲಪುರದ ಮದುವೆಗಳಲ್ಲಿ ಹೂವು ಹೊತ್ತು ಓಡಾಡುತ್ತಿದೆ. ಅಸಲಿ ಎಂಜಿನ್ ಎಂದು ಜಮೀರ ಬಾನೆಟ್ ತೆರೆದು ತೋರಿಸುತ್ತಾನೆ, ಜನ ಫೋಟೊ ಹಿಡಿಯುತ್ತಾರೆ. ಚಂದ್ರಾಮಪ್ಪ ಈ ಕಡೆ ಸುಳಿದಿಲ್ಲ. ಫಕ್ರುನ್ನಿಸಾ ಕೆಲಸ ನಿಲ್ಲಿಸಿಲ್ಲ. ಈಗಲೂ ಗಿರಾಕಿಗಳು ಹೊಗಳುತ್ತಾರೆ, ಅವಳು ಅಬ್ಬಾನ ಹೆಸರು ಎತ್ತದೆ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾಳೆ. ಹೋದ ತಿಂಗಳು ಕಾರು ಓಣಿಯ ಬಾಯಿಯಲ್ಲಿ ನಿಂತು ಗುರುಗುಡುತ್ತಿದ್ದಾಗ ಅವಳು ಲೇತು ಬಂದ್ ಮಾಡಿ ಕಿವಿಗೊಟ್ಟಳು. ಒಂದು ವಾಲ್ವ್ ಟಕಟಕ ಅನ್ನುತ್ತಿತ್ತು. ಹದಿನೈದು ನಿಮಿಷದ ಕೆಲಸ, ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಆ ವಾಲ್ವ್ ಕೆಟ್ಟುಹೋಗುತ್ತದೆ. ಜಮೀರನಿಗೆ ಆ ಸದ್ದು ಕೇಳಿಸುವುದಿಲ್ಲ. ಅವಳು ಹೇಳಿದರೆ ನಂಬುವುದಿಲ್ಲ. ಅವಳು ಹೇಳಲೂ ಇಲ್ಲ. ಲೇತಿನ ಸ್ವಿಚ್ ಹಾಕಿ, ಭೂಸನೂರಿನಿಂದ ಬಂದಿದ್ದ ಟ್ರ್ಯಾಕ್ಟರಿನ ಬ್ಲಾಕಿಗೆ ಅಳತೆ ಹಿಡಿದಳು.