ದೊಡ್ಡತಿಮ್ಮಪ್ಪನ ಟವೆಲ್ಲು

ತಾಳ್ಯದ ದೊಡ್ಡತಿಮ್ಮಪ್ಪ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರ್ ಆಗಿ ಇಪ್ಪತ್ತಾರು ವರ್ಷ. ಓದಿದ್ದು ಏಳನೇ ಕ್ಲಾಸು. ಆದರೂ ಹೊಸ ಮಕ್ಕಳಿಗೆ ಮೊದಲ ಪಾಠ ಅವನದೇ. "ಆ್ಯಸಿಡ್ಡಿಗೆ ಬೇಸು ಬಿದ್ರೆ ಎರಡರ ಪೊಗರೂ ಇಳೀತೈತೆ. ಉಳಿಯಾದು ಉಪ್ಪು, ನೀರು, ಅಷ್ಟೇ."

ಫ್ಲಾಸ್ಕಿನ ಆ್ಯಸಿಡ್ಡಿಗೆ ಬೇಸು ಇದ್ದರೆ ಬಣ್ಣ ತೋರಿಸುವ ಇಂಡಿಕೇಟರ್ ಹಾಕಿ, ಮೇಲಿನ ಅಳತೆಗೆರೆಗಳ ಗಾಜಿನ ಕೊಳವೆ, ಅಂದರೆ ಬ್ಯುರೆಟ್ಟಿನಿಂದ ಬೇಸನ್ನು ಹನಿಹನಿಯಾಗಿ ಬಿಡಬೇಕು. ಆ್ಯಸಿಡ್ಡು ಮುಗಿದೊಡನೆ ನೀರು ಗುಲಾಬಿಯಾಗುತ್ತದೆ. ತಿಮ್ಮಪ್ಪ ತಯಾರಿಸಿದ ದ್ರಾವಣವಾದರೆ ಪ್ರತಿ ವರ್ಷ ಸರಿಯಾಗಿ ಹತ್ತು ಎಂ.ಎಲ್. ಬೇಸಿಗೆ. ಆ ಹತ್ತು ಮಕ್ಕಳಿಗೆಲ್ಲ ಬಾಯಿಪಾಠ.

ಅವನ ಚಟ ಎಲೆ ಅಡಿಕೆ. ಬೆರಳಿಗೆ ಉಳಿದ ಸುಣ್ಣವನ್ನು ಲ್ಯಾಬಿನ ಕಂಬಕ್ಕೆ ಒರೆಸುತ್ತಿದ್ದ. ಈ ವರ್ಷ ಪರೀಕ್ಷೆಗೆಂದು ಕಂಬಕ್ಕೆ ಬಣ್ಣ ಹೊಡೆಸಿದ ಪ್ರಿನ್ಸಿಪಾಲರು, ಒಂದು ಗೆರೆ ಕಂಡರೂ ನೋಟಿಸ್ ಎಂದರು. ಹೇಳಿದ ಮಾತು ಕೇಳುವ ಮನುಷ್ಯ, ಅಂದಿನಿಂದ ಹೆಗಲ ಟವೆಲ್ಲಿಗೆ ಒರೆಸಿದ. ಪ್ರಾಕ್ಟಿಕಲ್ ದಿನ ಬೆಳಿಗ್ಗೆ ಹನ್ನೆರಡು ಮಕ್ಕಳ ಹನ್ನೆರಡು ಫ್ಲಾಸ್ಕು ತೊಳೆದು, ಅದೇ ಟವೆಲ್ಲಿನ ತುದಿಯನ್ನು ಒಳಗೆ ತುರುಕಿ ಒರೆಸಿಟ್ಟ.

ಹೊರಗಿನಿಂದ ಬಂದ ಪರೀಕ್ಷಕ ಪ್ರಸನ್ನಕುಮಾರ್ ಅವಸರದವರು. ಒಂದೇ ರೀಡಿಂಗ್ ಸಾಕು ಎಂದರು. ಹನ್ನೊಂದು ಹಾಳೆಗಳಲ್ಲಿ ಹತ್ತು ಎಂದಿತ್ತು, ತಿಮ್ಮಪ್ಪನ ಮೊಮ್ಮಗಳು ದುರ್ಗಾಳದೂ ಸೇರಿ. ಕುರಿ ಸಾಕುವವರ ಮನೆಯ ರಂಜಿತಾ ಒಬ್ಬಳೇ ಎಂಟೂವರೆ ಬರೆದಿದ್ದಳು.

"ಬ್ಯುರೆಟ್ ನೋಡಾಕೂ ಬರಲ್ವೇನಮ್ಮ?" ಎಂದರು ಪರೀಕ್ಷಕರು.

"ಬಂದಿದ್ದನ್ನೇ ಬರ್ದೀನಿ ಸಾರ್."

ಸೊನ್ನೆ ಹಾಕಲು ಅವರು ಕೆಂಪು ಪೆನ್ನು ತೆಗೆದರು. ಹುಡುಗಿಯ ಕಣ್ಣು ತುಂಬಿತು.

ತಿಮ್ಮಪ್ಪನ ಕಣ್ಣು ಟವೆಲ್ಲಿನ ತುದಿಗೆ ಹೋಗಿದ್ದು ಆಗ. ಸುಣ್ಣ ಮೆತ್ತಿಕೊಂಡು ಗಟ್ಟಿಯಾಗಿತ್ತು. ಸುಣ್ಣವೂ ಬೇಸೇ. ಫ್ಲಾಸ್ಕಿಗೆ ಅಂಟಿದ ಸುಣ್ಣ ಒಂದಿಷ್ಟು ಆ್ಯಸಿಡ್ಡನ್ನು ಮೊದಲೇ ತಿಂದುಹಾಕಿತ್ತು, ಬ್ಯುರೆಟ್ಟಿನಿಂದ ಬೇಕಾದದ್ದು ಅಷ್ಟು ಕಡಿಮೆಯಾಗಿತ್ತು.

"ತಪ್ಪು ಹುಡುಗೀದಲ್ಲ ಸಾರ್, ನಂದು," ಎಂದವನೇ ಟವೆಲ್ಲಿನ ತುದಿಯನ್ನು ಒಂದು ಲೋಟ ನೀರಿಗೆ ಅದ್ದಿ, ಎರಡು ಹನಿ ಇಂಡಿಕೇಟರ್ ಬಿಟ್ಟ. ನೀರು ಗುಲಾಬಿಯಾಯಿತು.

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಈ ಹುಡುಗಿ ಫ್ಲಾಸ್ಕ್ ಒಂದನ್ನೇ ಇದ್ರಲ್ಲಿ ಒರ್ಸಿದ್ದೇನಪ್ಪ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರಂಜಿತಾಳಿಗೂ ಮಾರ್ಕ್ಸು, ದುರ್ಗಾಳಿಗೂ ಮಾರ್ಕ್ಸು. ತಿಮ್ಮಪ್ಪ ಮೊಮ್ಮಗಳ ಕಡೆ ನೋಡಿದ. ಅವಳು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಹನ್ನೆರಡನ್ನೂ ಒರ್ಸೀನ್ರಿ," ಎಂದ.

ಪ್ರಸನ್ನಕುಮಾರ್ ಉಳಿದ ಹನ್ನೊಂದು ಹಾಳೆಗಳನ್ನು ಮತ್ತೆ ಹತ್ತಿರ ಎಳೆದುಕೊಂಡರು. ಸುಣ್ಣ ಹತ್ತಿದ ಫ್ಲಾಸ್ಕಿನಲ್ಲಿ ಹತ್ತು ಬರುವ ಹಾಗೇ ಇರಲಿಲ್ಲ. ಬ್ಯುರೆಟ್ ನೋಡಿ ಬರೆದವಳು ರಂಜಿತಾ ಒಬ್ಬಳೇ. ಅವರು ಪೆನ್ನು ಎತ್ತಿಕೊಂಡು ಮೇಲಿದ್ದ ಹಾಳೆಗೆ ಮೊದಲ ಸೊನ್ನೆ ಹಾಕಿದರು. ಅದು ದುರ್ಗಾಳದು.