ಸಂಗಪ್ಪನ ಹೆಂಡತಿ ಬಸವ್ವನ ವೋಟು

ಊರಿಗೆ ಜೀಪು ಬಂದರೆ ಅದರ ಹಿಂದೆ ಓಡಲೇಬೇಕು ಎಂಬ ಕಾನೂನು ನಮ್ಮ ಕಾಲದ ಮಕ್ಕಳಿಗಿತ್ತು. ಅದರಲ್ಲೂ ಪಾರ್ಲಿಮೆಂಟ್ ಚುನಾವಣೆಯ ಜೀಪು ಎಂದರೆ ಕೇಳಬೇಕೆ! ನರಗುಂದದ ಕಡೆಯಿಂದ ಧೂಳೆಬ್ಬಿಸಿಕೊಂಡು ಅದು ನಮ್ಮ ಚಿಕ್ಕನರಗುಂದಕ್ಕೆ ಬರುವಾಗ ಮೊದಲು ಮೈಕಿನ ದನಿ ಬರುತ್ತಿತ್ತು, ಆಮೇಲೆ ಜೀಪು. ಯಾರು ನಿಂತಿದ್ದಾರೆ, ಯಾವ ಪಕ್ಷ, ಅದೆಲ್ಲ ಕಟ್ಟಿಕೊಂಡು ನಮಗೇನಾಗಬೇಕು? ನಮಗೆ ಬೇಕಾದದ್ದು ಎದೆಗೆ ಚುಚ್ಚಿಕೊಳ್ಳುವ ತಗಡಿನ ಬಿಲ್ಲೆ, ಗಾಳಿಗೆ ತೂರುವ ಬಣ್ಣಬಣ್ಣದ ಹ್ಯಾಂಡ್‌ಬಿಲ್ಲು. ನನ್ನ ಒಂದೇ ಪೋಲಕದ ಮೇಲೆ ಮೂರು ಪಕ್ಷದ ಬಿಲ್ಲೆಗಳು ಜಗಳವಿಲ್ಲದೆ ಇರುತ್ತಿದ್ದವು. ಪೋಸ್ಟರು ಹಚ್ಚಲು ಕುದಿಸಿದ ಮೈದಾಹಿಟ್ಟಿನ ಅಂಟಿನ ವಾಸನೆ, ಸಂಜೆ ಪ್ರಚಾರದವರಿಗೆಂದು ಕರಿಯುತ್ತಿದ್ದ ಮಿರ್ಚಿಯ ಘಾಟು, ಎರಡೂ ಸೇರಿ ಓಣಿಯೇ ಘಮ್ಮೆನ್ನುತ್ತಿತ್ತು. ನಮ್ಮ ಆಟವೂ ಆಗ ಇಲೆಕ್ಷನ್ನೇ. ಬಿಸ್ಕೀಟಿನ ಡಬ್ಬಿ ಪೆಟ್ಟಿಗೆ, ಹುಣಸೆಬೀಜ ವೋಟು. ನಾನೇ ನಿಂತು, ನಾನೇ ಎಣಿಸಿ, ನಾನೇ ಗೆಲ್ಲುತ್ತಿದ್ದೆ. ಯಾರಾದರೂ ತಕರಾರು ತೆಗೆದರೆ ಡಬ್ಬಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ನಮ್ಮ ಕ್ಷೇತ್ರದ ಚುನಾವಣೆಗಳ ಇತಿಹಾಸವೆಲ್ಲ ನಮ್ಮ ಅಜ್ಜ ಸಂಗಪ್ಪನಿಗೆ ಬಾಯಿಪಾಠ. ಯಾವ ಸಲ ಯಾರು ಚಕ್ಕಡಿಯಲ್ಲಿ ಬಂದು ಕೈಮುಗಿದರು, ಯಾರು ಕಾರಿನಿಂದ ಇಳಿಯದೇ ಹೋದರು, ಯಾರು ಗೆದ್ದ ಮೇಲೆ ದಿಲ್ಲಿಯಿಂದ ಇತ್ತ ಮುಖವನ್ನೇ ಹಾಕಲಿಲ್ಲ, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. ಕತೆ ಮುಗಿಯುವುದು ಮಾತ್ರ ಯಾವಾಗಲೂ ಆಯಿಯ ಮೇಲೆ. ಆಯಿ ಎಂದರೆ ನಮ್ಮ ಅಜ್ಜಿ, ಬಸವ್ವ.

"ಹ್ವಾದ ಸಲ ಈ ಊರಾಗ ಒಂದು ವೋಟು ಕಳುವಾತು ನೋಡ್ರಿ. ಯಾರದಂತೀರಿ? ನಮ್ಮ ಮನಿಯಾಕಿದು!"

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈಸಪ್ಪಳ ಜೋರಾಗುತ್ತಿತ್ತು.

ಆದದ್ದಿಷ್ಟು. ಊರಲ್ಲಿ ಇಬ್ಬರು ಬಸವ್ವಂದಿರು, ಇಬ್ಬರ ಅಡ್ಡಹೆಸರೂ ಒಂದೇ. ಆಚೆ ಓಣಿಯ ಬಸವ್ವ ಹಿಂದಿನ ಚುನಾವಣೆಯಲ್ಲಿ ಮೊದಲು ಹೋದಳು. "ಸಂಗಪ್ಪನ ಹೆಂಡತಿ ಬಸವ್ವ ನೀವ ಏನ್ರಿ?" ಎಂದು ಕೇಳಿದರೆ, ಆ ಪುಣ್ಯಾತಗಿತ್ತಿ ಸೆರಗು ಮುಂದೆಳೆದುಕೊಂಡು ಹೂಂ ಎಂದು ತಲೆಯಾಡಿಸಿದಳು. ಅಲ್ಲ ಎಂದರೆ ತನ್ನ ಗಂಡನ ಹೆಸರು ಹೇಳಬೇಕಾಗುತ್ತದಲ್ಲ! ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡದ ಕಾಲ ಅದು. ಹೀಗೆ ಆಕೆ ನಮ್ಮ ಆಯಿಯ ವೋಟು ಹಾಕಿ ಹೋದಳು. ಆಮೇಲೆ ಹೋದ ಆಯಿಗೆ "ನಿಮ್ಮದು ಆಗೇತಲ್ರಿ" ಎಂದು ಹೇಳಿ ಕಳಿಸಿದರು. ಆಯಿ ಬೆರಳಿಗೆ ಶಾಯಿಯಿಲ್ಲದೆ ಮನೆಗೆ ಬಂದಳು. ಅಜ್ಜ ಮುಂದಿನ ಚುನಾವಣೆಯವರೆಗೂ ಅದನ್ನೇ ಹಿಡಿದು ಆಡಿಕೊಂಡ.

"ಈ ಸಲ ಆಭಾಳ ಕಳಚಿ ಬೀಳಲಿ, ನನ್ನ ವೋಟು ನಾ ಹಾಕಾಕಿನ" ಎಂದು ಆಯಿ ಆಣೆ ಮಾಡಿದಳು. ಉಪಾಯ ನನ್ನದು. ಅವಳ ಜೊತೆ ನಾನು ಹೋಗುವುದು, ಅಜ್ಜನ ಹೆಸರು ಕೇಳಿದ ಕೂಡಲೇ ನಾನು ಹೇಳುವುದು. ಎಂಟು ವರ್ಷದವಳಿಗೆ ಅಷ್ಟು ದೊಡ್ಡ ಕೆಲಸ ಸಿಕ್ಕರೆ ಬಿಡುತ್ತೇನೆಯೆ? ಹಿಂದಿನ ದಿನವಿಡೀ ಎಮ್ಮೆಯ ಮುಂದೆ ನಿಂತು "ಸಂಗಪ್ಪ, ಸಂಗಪ್ಪ" ಎಂದು ತಾಲೀಮು ಮಾಡಿದೆ.

ವೋಟಿನ ದಿನ ಆಯಿ ಇಳಕಲ್ಲ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು, ಹೊತ್ತು ಮೂಡುವಷ್ಟರಲ್ಲಿ ವೋಟು ನಡೆಯುವ ಕನ್ನಡ ಸಾಲಿಯ ಮುಂದೆ ನಿಂತಳು. ಅವಳ ಹಿಂದೆ ಪಕ್ಕದ ಮನೆಯ ಹುಸೇನಬಿ, ಆಯಿಯ ಜೀವದ ಗೆಳತಿ. ಆಚೆ ಗಂಡಸರ ಪಾಳಿಯಲ್ಲಿ ಅಜ್ಜ, ಸರಿಯಾಗಿ ಕಿಟಕಿಯ ಹತ್ತಿರ. ನಮ್ಮನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದ.

ಒಳಗೆ ಕನ್ನಡಕದ ಹರೆಯದ ಅಧಿಕಾರಿ. ಮತದಾರರ ಯಾದಿಯ ಮೇಲೆ ಸ್ಕೇಲು ಇಟ್ಟುಕೊಂಡು ಕೇಳಿದ:

"ಹೆಸರು?"

"ಬಸವ್ವರಿ."

"ಯಜಮಾನ್ರ ಹೆಸರು?"

ಆಯಿ ನನ್ನ ಭುಜ ಅದುಮಿದಳು. ನಾನು ಕೋಣೆಯೇ ಬಿರಿಯುವಂತೆ "ಸಂಗಪ್ಪ!" ಎಂದೆ.

"ನೀ ಸುಮ್ನಿರವಾ. ಅವರ ಹೇಳಬೇಕು" ಎಂದ ಆತ. ಆಯಿಯ ಕಡೆ ತಿರುಗಿ, "ಈ ಊರಾಗ ಇಬ್ಬರು ಬಸವ್ವ ಅದಾರ್ರಿ. ಹ್ವಾದ ಸಲ ಘೋಟಾಳಿ ಆಗೇತಂತ. ನಾ ಓದಿದ್ರ ಯಾರ ಬೇಕಾದ್ರೂ ಹೂಂ ಅಂತಾರ. ನಿಮ್ಮ ಬಾಯಿಲೆ ಹೇಳ್ರಿ, ಚೀಟಿ ತಗೋರಿ."

"ಅಯ್ಯ, ಅವರು ಅಲ್ಲೇ ಕಿಟಕ್ಯಾಗ ನಿಂತಾರಲ್ರಿ ಸಾಹೇಬ್ರ. ಬೆರಳು ಮಾಡಿ ತೋರಸ್ಲೇನು?"

"ಬೆರಳು ಬ್ಯಾಡ್ರಿ. ಹೆಸರು."

"ನೀವು ನನ್ನ ಮಗನ ವಾರಗಿಯಾವ್ರು. ನಿಮ್ಮವ್ವ ನಿಮ್ಮಪ್ಪನ ಹೆಸರು ಹೇಳ್ತಾಳೇನ್ರಿ?"

ಆತ ಯಾದಿಯಲ್ಲಿ ತಲೆ ತೂರಿಸಿದ. ಆದರೆ ಚೀಟಿಯ ಪುಸ್ತಕದ ಮೇಲಿನ ಕೈ ತೆಗೆಯಲಿಲ್ಲ. "ಕಾಯ್ದೆ ಅಂದ್ರ ಕಾಯ್ದೆನರಿ" ಎಂದ.

ಆಯಿಯ ಮುಖ ಸಣ್ಣದಾಯಿತು. ಒಂದು ಹೆಜ್ಜೆ ಹಿಂದೆ ಸರಿದಳು. ನನಗೆ ಅಳು ಒತ್ತರಿಸಿ ಬಂತು. ಈ ಸಲವೂ ಬರಿಗೈಯಲ್ಲಿ ಮನೆಗೆ ಹೋದರೆ ಅಜ್ಜ ಇನ್ನೊಂದು ಐದು ವರ್ಷ ಕಟ್ಟೆಯ ಮೇಲೆ ಕುಳಿತು ಏನೇನು ಹೇಳುತ್ತಾನೋ! ಆ ಕನ್ನಡಕದವನನ್ನು ಕಚ್ಚಿಬಿಡೋಣ ಅನ್ನಿಸಿತು, ಖರೇ ಹೇಳುತ್ತೇನೆ.

ಆಗ ಹಿಂದಿನಿಂದ ಹುಸೇನಬಿಯ ದನಿ: "ಬಸವ್ವಕ್ಕಾ, ಒಡಪು ಹಾಕ! ಬರೇ ಹೆಸರು ಹೇಳಿದ್ರ ತಪ್ಪು. ಒಡಪಿನಾಗ ಹೇಳಿದ್ರ ಯಾವ ತಪ್ಪೈತಿ?"

ಒಡಪು ಎಂದರೆ ನಮ್ಮ ಕಡೆಯ ಮದುವೆಮನೆಗಳಲ್ಲಿ ಹೆಂಗಸರು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳುವ ಮಾತು. ಹೊಸಲಿನಲ್ಲಿ ಮದುಮಗಳನ್ನು ತಡೆದು, ಒಡಪು ಹಾಕದೆ ಒಳಗೆ ಬಿಡುವುದಿಲ್ಲ. ನಮ್ಮ ಆಯಿಯಾದರೋ ತನ್ನ ಮದುವೆಯಲ್ಲೂ ನಾಚಿ ಅತ್ತುಬಿಟ್ಟವಳಂತೆ. ಕೊನೆಗೆ ಅವಳ ಅಕ್ಕ ಹೇಳಿ ಒಳಗೆ ಕರೆದುಕೊಂಡಳಂತೆ. ಅಂಥವಳು ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಸಲ ಕಿಟಕಿಯ ಕಡೆ ನೋಡಿದಳು. ಆಮೇಲೆ ಆ ಅಧಿಕಾರಿಯ ಮುಖಕ್ಕೇ ದೃಷ್ಟಿಯಿಟ್ಟು ಗಟ್ಟಿಯಾಗಿ ಹಾಕಿದಳು:

"ಗುಡ್ಡದ ಮ್ಯಾಲ ಕೋಟಿ, ಗುಡ್ಡದ ಕೆಳಗ ಪ್ಯಾಟಿ,
ಹೊತ್ತ ಹುಟ್ಟೂದರಾಗ ಬಂದೀನಿ ನಾಕ ಓಣಿ ದಾಟಿ,
ಸಂಗಪ್ಪರ ಹೆಸರು ಹೇಳೀನಿ, ತರ್ರಿ ನನ್ನ ಚೀಟಿ!"

ಹೆಂಗಸರ ಪಾಳಿಯೆಲ್ಲ ಹೋ ಎಂದಿತು. ಪಕ್ಷಗಳ ಏಜೆಂಟರು ಬೆಂಚು ಬಡಿದು ನಕ್ಕರು. ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಚೀಟಿ ಹರಿದು ಎರಡೂ ಕೈಯಿಂದ ಕೊಟ್ಟ. ಆಯಿ ಶಾಯಿ ಹಚ್ಚಿಸಿಕೊಂಡು, ಮರೆಗೆ ಹೋಗಿ ಮುದ್ರೆಯೊತ್ತಿ, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದಳು. ನನಗೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದೆ ಹುಸೇನಬಿ. ಆ ಹೆಸರಿನವಳು ಯಾದಿಯಲ್ಲಿ ಅವಳೊಬ್ಬಳೇ, ಗಂಡನ ಹೆಸರು ಯಾರೂ ಕೇಳಲೇ ಇಲ್ಲ. "ಆತ್ರಿ, ಮುಂದ ಹೋಗ್ರಿ" ಎಂದರೆ ಇವಳು ಜಪ್ಪಯ್ಯ ಅನ್ನಲಿಲ್ಲ.

"ಹಂಗ ಹ್ಯಾಂಗ ಹೋಗ್ಲಿರಿ? ಅಕಿ ಗಂಡ ಗಂಡ, ನನ್ನ ಗಂಡ ಅಲ್ಲೇನು?" ಎಂದವಳೇ ಶುರು ಮಾಡಿದಳು:

"ಹೊಲಕ್ಕ ಹಸರು ಚೆಂದ, ಜಡಿಗೆ ಕೆಂಪು ಗುಲಾಬ,
ಮನಿಗೆ ಒಬ್ಬರ ಯಜಮಾನ್ರು, ನಮ್ಮ ಇಮಾಮಸಾಬ!"

ಮುಗೀತು! ಅಲ್ಲಿಂದ ಮುಂದೆ ಒಡಪು ಹಾಕದೆ ಚೀಟಿ ಮುಟ್ಟಿದ ಹೆಂಗಸೇ ಇಲ್ಲ. ಪಾಳಿ ಸಾಗಲೊಲ್ಲದು, ಹೊರಗೆ ಗಂಡಸರ ಗದ್ದಲ. "ಲಗೂ ಮುಗಸ್ರಿ, ಇದೇನು ಮದವಿ ಮನಿ ಏನು?" ಎಂದು ಕೂಗುವವರೂ ತಮ್ಮ ತಮ್ಮ ಹೆಂಡಂದಿರ ಸರದಿ ಬಂದಾಗ ಕಿಟಕಿಗೆ ಕಿವಿ ಹಚ್ಚುತ್ತಿದ್ದರು. ಆಚೆ ಓಣಿಯ ಬಸವ್ವನೂ ಅಂದು ಸೆರಗಿನೊಳಗಿಂದ ಒಂದು ಒಡಪು ಹಾಕಿದಳು.

ಅಜ್ಜನ ಕಿವಿ ಮಾತ್ರ ಕೆಂಪಾಗಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಆಯಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ಅಜ್ಜ ಮೆಲ್ಲಗೆ ಕೇಳಿದ:

"ವೋಟು ಯಾಂವಗ ಹಾಕಿದಿ?"

ಆಯಿ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟು ಹೇಳಿದಳು: "ಒಂದ ದಿನಕ್ಕ ಒಂದ ಗಂಡಸಿನ ಹೆಸರು ಸಾಕ್ರಿ."

ಅಜ್ಜನ ಇತಿಹಾಸದಿಂದ ಆ ಕಳುವಾದ ವೋಟಿನ ಕತೆ ಅಂದಿಗೆ ಬಿಟ್ಟುಹೋಯಿತು.

ನಾನೀಗ ಮದುವೆಯಾಗಿ ಬಂದ ಗಜೇಂದ್ರಗಡದಲ್ಲಿ ವೋಟು ಹಾಕುತ್ತೇನೆ. ತವರೂರಿಗೆ ಒಬ್ಬ ಎಂಪಿ, ನನಗೆ ಇನ್ನೊಬ್ಬ ಎಂಪಿ. ಗಂಡನನ್ನು ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕೂಗುತ್ತೇನೆ, ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಮೊನ್ನೆಯ ಚುನಾವಣೆಯಲ್ಲಿ ಕಾರ್ಡಿನ ಫೋಟೋ ನೋಡಿದರು, ಗುಂಡಿ ಒತ್ತಿದೆ, ಕುಂಯ್ ಎಂದಿತು, ಎರಡು ನಿಮಿಷದಲ್ಲಿ ಹೊರಗೆ. ಹಿಂದೆ ನಿಂತವಳು ಯಾರೆಂದು ನಾನು ತಿರುಗಿ ನೋಡಲಿಲ್ಲ, ಅವಳೂ ನನ್ನನ್ನು ನೋಡಲಿಲ್ಲ. ಯಾರು ಯಾರಿಗೆ ಹಾಕಿದರೆಂಬುದು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು, ಜೊತೆಗೆ ಬೈಗುಳವೂ. ಆ ಪಾಳಿ, ಆ ನಗು ಎಲ್ಲಿ ಹೋದವೋ.

ಆಯಿ ಯಾರಿಗೆ ವೋಟು ಹಾಕಿದಳೆಂಬುದನ್ನು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೆ ಒಮ್ಮೆ ಅಜ್ಜನನ್ನೇ ಕೇಳಿದೆ.

"ಯಾಂವಗ ಹಾಕಿದ್ಲೋ ಆ ಶಿವಗ ಗೊತ್ತು" ಎಂದ ಅಜ್ಜ, ಮೀಸೆ ತಿರುವಿಕೊಂಡು. "ಆದ್ರ ಅವತ್ತು ಆರಿಸಿ ಬಂದಾಂವ ನಾನವಾ."